ಜವರಪ್ಪನ ಗಾಳದ ಬೆಂಡು

ನಾನು ಒಂದು ಬೆಂಡು. ಮದುವೆಮನೆಯ ಬಾಸಿಂಗದ ಬೆಂಡಲ್ಲ, ಗಾಳದ ಬೆಂಡು. ನೀರಿನ ಮೇಲೆ ನಿಂತು, ಕೆಳಗೆ ಮೀನು ಬಂದಿದೆ ಅಂತ ದಡದಲ್ಲಿ ಕೂತವರಿಗೆ ತಲೆ ಅಲ್ಲಾಡಿಸಿ ಹೇಳುವುದು ನನ್ನ ಕೆಲಸ. ಕೇಳೋದಕ್ಕೆ ಸುಲಭ. ಬಿಸಿಲು ನೆತ್ತಿಗೇರಿದ ಹೊತ್ತಲ್ಲಿ ಕುತ್ತಿಗೆಮಟ್ಟ ನೀರಲ್ಲಿ ನೆಟ್ಟಗೆ ನಿಂತು ನೋಡಿ, ಆಗ ಗೊತ್ತಾಗುತ್ತದೆ. ಈಗ ನನಗೆ ಸುಸ್ತಾಗಿದೆ. ಬಣ್ಣ ಹೋಗಿದೆ, ಪಕ್ಕೆಯಲ್ಲಿ ಸೀಳು ಬಿಟ್ಟಿದೆ, ನೀರಿಗೆ ಬಿಟ್ಟರೆ ಒಂದು ಕಡೆ ವಾಲುತ್ತೇನೆ. ದಣಿದವರ ಮಾತು ಸ್ವಲ್ಪ ಉದ್ದವಾಗಿರುತ್ತದೆ. ಸಹಿಸಿಕೊಳ್ಳಿ.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಆಸ್ಮಾಬಿ ಎಂಬಾಕೆಯ ಲೇತ್ ಮೆಷಿನ್ನಿನ ಮೇಲೆ. ಅದಕ್ಕೂ ಮೊದಲು ಆಲೆಮರದ ಒಂದು ಕೊಂಬೆಯಾಗಿದ್ದೆ. ಆ ಕಾಲದ್ದು ಗಾಳಿ ಬಿಟ್ಟರೆ ಬೇರೇನೂ ನೆನಪಿಲ್ಲ. ನನ್ನ ಜೊತೆಯ ತುಂಡುಗಳೆಲ್ಲ ಬುಗುರಿಯಾದವು, ಗಿಲಕಿಯಾದವು, ತಲೆ ಆಡಿಸುವ ಮದುಮಕ್ಕಳಾದವು. ನನ್ನ ಹಣೆಯಲ್ಲಿ ಮಾತ್ರ ಕೆರೆ ಬರೆದಿತ್ತು. ಮೈಸೂರಲ್ಲಿ ಗಾಳದ ಸಾಮಾನು ಮಾರುವವರೊಬ್ಬರು ಪರದೇಶದ ಪ್ಲಾಸ್ಟಿಕ್ ಬೆಂಡೊಂದನ್ನು ತಂದು ಅವಳ ಮುಂದಿಟ್ಟು, "ಇಂಥದ್ದು ಮರದಲ್ಲಿ ಆಗುತ್ತೇನಮ್ಮ? ತನಗೆ ತಾನೇ ಬೀಗ ಹಾಕಿಕೊಳ್ಳೋ ಬೆಂಡು ಇದು," ಅಂದರು.

ಆಸ್ಮಾಬಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಬಾಗಿಲಿಗೆ ಬೀಗ ಕಂಡಿದ್ದೀನಿ, ಪೆಟ್ಟಿಗೆಗೆ ಬೀಗ ಕಂಡಿದ್ದೀನಿ. ಕೆರೆಗೆ ಬೀಗ ಹಾಕೋರನ್ನ ಇವತ್ತೇ ನೋಡಿದ್ದು," ಅಂದಳು. ಅಂದರೂ ಮಾಡಿಕೊಟ್ಟಳು.

ಬೀಗ ಅಂದರೆ ಮಹಾ ಏನಲ್ಲ. ಬೇರೆ ಬೆಂಡುಗಳನ್ನು ತಂಗೂಸಿಗೆ, ಅಂದರೆ ಗಾಳದ ನೈಲಾನ್ ದಾರಕ್ಕೆ, ಕಟ್ಟಬೇಕು. ಕೆಲವರು ಸೈಕಲ್ಲಿನ ವಾಲ್‌ಟ್ಯೂಬ್ ಚೂರು ತುರುಕುತ್ತಾರೆ, ಕೆಲವರು ಮೇಲೊಂದು ಕೆಳಗೊಂದು ಸೀಸದ ಗುಂಡನ್ನು ಹಲ್ಲಲ್ಲಿ ಕಚ್ಚಿ ಕೂರಿಸುತ್ತಾರೆ. ಗುಂಡು ಕಚ್ಚಿದ ಕಡೆ ತಂಗೂಸಿ ನವೆದು, ದೊಡ್ಡ ಮೀನು ಬಿದ್ದ ದಿನವೇ ಪಟ್ ಅನ್ನುತ್ತದೆ. ನನಗೆ ಆ ಉಸಾಬರಿಯಿಲ್ಲ. ನನ್ನ ಹೊಟ್ಟೆಯೊಳಗೆ ಉದ್ದಕ್ಕೂ ಒಂದು ತೂತು, ಕತ್ತಿನಲ್ಲಿ ತಿರುಗುವ ಒಂದು ಬಳೆ. ತಂಗೂಸಿ ಪೋಣಿಸಿ ಬಳೆಯನ್ನು ಅರ್ಧ ಸುತ್ತು ತಿರುಗಿಸಿದರೆ ಅಲ್ಲೇ ಕಚ್ಚಿ ನಿಲ್ಲುತ್ತೇನೆ. ಹಿಂದಕ್ಕೆ ತಿರುಗಿಸಿದರೆ ಬಿಟ್ಟುಬಿಡುತ್ತೇನೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಹಿಡಿದು ಆಸ್ಮಾಬಿ ನನ್ನ ಹೊಟ್ಟೆಗೆ ಹಸಿರು ಹಚ್ಚಿದಳು, ತುದಿಗೆ ಕೆಂಪು ಹಚ್ಚಿದಳು. ಮಾರನೆಯ ದಿನವೇ ನಾನು ಡಬ್ಬಿ ಸೇರಿ ಮೈಸೂರಿಗೆ ಹೊರಟೆ. ಆ ತಾಯಿಯನ್ನು ಮತ್ತೆ ನೋಡಲಿಲ್ಲ.

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬಹಳ ಕಾಲ ಬಿದ್ದಿದ್ದೆ. ಬಂದವರೆಲ್ಲ ನನ್ನ ದಪ್ಪ ತುದಿಯ ಅಣ್ಣಂದಿರನ್ನೇ ಒಯ್ಯುತ್ತಿದ್ದರು. ನನ್ನ ತುದಿ ಊದುಬತ್ತಿ ಕಡ್ಡಿಯಷ್ಟು ಸಣ್ಣ. ಕೊನೆಗೆ ನನ್ನನ್ನು ಕೈಗೆತ್ತಿಕೊಂಡವರು ವಾಸುದೇವಮೂರ್ತಿ, ಬ್ಯಾಂಕಿನಲ್ಲಿ ಆಫೀಸರು. ಅಂಗಡಿಯವನು, "ಸಾರ್, ದಪ್ಪಂದು ತಗೊಳ್ಳಿ, ಚೆನ್ನಾಗಿ ಕಾಣುತ್ತೆ," ಅಂದ. ಮೂರ್ತಿಗಳು, "ನನಗೆ ಕಂಡು ಏನಾಗಬೇಕಪ್ಪ? ಮೀನಿಗೆ ಗೊತ್ತಾಗಬಾರದು, ಅಷ್ಟೇ," ಅಂದರು. ಬೆಂಡು ಆರಿಸುವುದರಲ್ಲಿ ಇರುವ ವಿದ್ಯೆ ಇದೊಂದೇ. ದಪ್ಪ ತುದಿಯನ್ನು ಕೆಳಗೆಳೆಯಲು ಮೀನಿಗೆ ಬಲ ಬೇಕು. ಎಳೆಯುವಾಗ ಅದಕ್ಕೆ ಅನುಮಾನ ಬಂದರೆ ಎರೆಯನ್ನು ಉಗಿದು ಹೋಗುತ್ತದೆ. ಸಣ್ಣ ತುದಿ ಉಸಿರಿಗೂ ಅಲುಗುತ್ತದೆ. ಗಾಳಿ ಜೋರಿದ್ದರೆ ಮಾತ್ರ ದಪ್ಪಂದಕ್ಕೆ ಮರ್ಯಾದೆ.

ಮೂರ್ತಿಗಳು ನನ್ನನ್ನು ಬಳಸಿದ ಹಾಗೆ ಮತ್ತೆ ಯಾರೂ ಬಳಸಲಿಲ್ಲ. ಕೆರೆಗೆ ಹೋದವರು ಮೊದಲು ಕೊಕ್ಕೆಗೆ ಬರೀ ಸೀಸ ಕಟ್ಟಿ ಆಳ ನೋಡುತ್ತಿದ್ದರು. ನಾನು ಪೂರ್ತಿ ಮುಳುಗಿದರೆ ನನ್ನನ್ನು ಮೇಲಕ್ಕೆ ಸರಿಸಿ ಬೀಗ ಹಾಕುವರು, ಅಡ್ಡ ಮಲಗಿದರೆ ಕೆಳಕ್ಕೆ. ಎರೆ ನೆಲ ಮುಟ್ಟಿಯೂ ಮುಟ್ಟದಂತಿರಬೇಕು, ನನ್ನ ತುದಿ ಬೆರಳ ಉಗುರಿನಷ್ಟೇ ಮೇಲಿರಬೇಕು. ಇಷ್ಟೆಲ್ಲ ಮಾಡಿ ಹಿಡಿದ ಮೀನಿಗೆ ಕೈ ಮುಗಿದು ವಾಪಸ್ ಬಿಡುತ್ತಿದ್ದರು. ತಿನ್ನುವವರಲ್ಲವಲ್ಲ. ಮನೆಯಲ್ಲಿ ಹೆಂಡತಿಗೆ ಹೇಳುತ್ತಿದ್ದುದು, "ವಾಕಿಂಗ್ ಹೋಗಿ ಬರ್ತೀನಿ ಕಣೆ."

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಒಂದು ಹಬ್ಬದ ಬೆಳಿಗ್ಗೆ ಮೂರ್ತಿಗಳ ಹೆಂಡತಿ ಫ್ರಿಜ್ಜು ತೆಗೆದರೆ ಮೈದಾ ಕಲಸಿದ ಮುದ್ದೆ ಕಂಡಿದೆ. ಹೋಳಿಗೆಗೆ ತಾವೇ ಮರೆತಿಟ್ಟ ಕಣಕ ಅಂದುಕೊಂಡು ಎಣ್ಣೆ ಹಾಕಿ ನಾದಿದ್ದಾರೆ. ನಾದಿದ ಮೇಲೆ ಕೈ ಮೂಸಿದ್ದಾರೆ. ಒಣಸೀಗಡಿ ಪುಡಿ. ಮೂರ್ತಿಗಳು ಗೆಂಡೆ ಮೀನಿಗೆಂದು ಪ್ರೀತಿಯಿಂದ ಕಲಸಿಟ್ಟ ಎರೆ ಅದು. ಆ ಮನೆಯಲ್ಲಿ ಅವತ್ತು ಹೋಳಿಗೆಯೂ ಆಗಲಿಲ್ಲ, ಮಾತೂ ಆಗಲಿಲ್ಲ. ಮುಂದಿನ ಭಾನುವಾರ ಮೂರ್ತಿಗಳು ಗಾಳದ ಕೋಲು, ರೀಲು, ನಾನು, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು, ತಾವು ಯಾವಾಗಲೂ ಕೆರೆಗೆ ಹೋಗುತ್ತಿದ್ದ ಬಸ್ಸಿನ ಹತ್ತಿರ ಬಂದು ಡ್ರೈವರ್ ಕಿಟಕಿಗೆ ಎತ್ತಿಕೊಟ್ಟರು.

"ತಗೋ ಜವರಪ್ಪ. ನನ್ನ ವಾಕಿಂಗ್ ಮುಗೀತು."

ಹೀಗೆ ನಾನು ಜವರಪ್ಪನವನಾದೆ.

ಮೈಸೂರಿನಿಂದ ಮರಡೀಪುರಕ್ಕೆ ಹೋಗುವ ಖಾಸಗಿ ಬಸ್ಸು ಅವನದು. ಅವನದು ಅಂದರೆ, ಮಾಲೀಕರು ಬೇರೆ, ಓಡಿಸುವವನು ಅವನು. ಆದರೆ ಅವನ ಎದುರು ಹಾಗೆ ಹೇಳಿ ದಕ್ಕಿಸಿಕೊಂಡವರಿಲ್ಲ. ಜವರಪ್ಪ ಅಂದರೆ ಯಮಧರ್ಮರಾಯನ ಹೆಸರು. ಮೊದಲ ಸಲ ಹತ್ತುವವರು ಅದನ್ನು ಕೇಳಿ ನಗುತ್ತಿದ್ದರು. ಎರಡನೆಯ ಸಲ ಹತ್ತುವಾಗ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದರು. ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಒಯ್ಯಬೇಕಾದವರು ಆಟೋ ಬಿಟ್ಟು ಅವನ ಬಸ್ಸಿಗೆ ಕಾಯುತ್ತಿದ್ದರು. ಬೆಳಿಗ್ಗೆ ಹೊರಡುವ ಮುಂಚೆ ಬಸ್ಸಿನ ಹಣೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುವನು. ಯಾರಾದರೂ "ನಿನ್ನ ಗಾಡಿ ಯಾಕೋ ಕೆಮ್ಮುತ್ತೆ" ಅಂದರೆ ಅವರ ಜೊತೆ ವಾರ ಮಾತು ಬಿಡುವನು.

ಕಂಡಕ್ಟರ್ ಇನ್ನಾಸಪ್ಪ, ಜವರಪ್ಪನಿಗಿಂತ ಚಿಕ್ಕವನು, ಅವನನ್ನು ಅಣ್ಣ ಅಂತಲೇ ಕರೆಯುತ್ತಿದ್ದ. ಅವನಿಗೆ ಈ ಬಸ್ಸಿನಲ್ಲಿ ಕೆಲಸ ಕೊಡಿಸಿದವನೇ ಜವರಪ್ಪ. ಚರ್ಚಿನಲ್ಲಿ ಅವನ ಮದುವೆಯಾದಾಗ ಮುಂದಿನ ಬೆಂಚಿನಲ್ಲಿ ಕೂತು, ಯಾವಾಗ ಏಳಬೇಕು ಯಾವಾಗ ಕೂರಬೇಕು ತಿಳಿಯದೆ ಪೂರ್ತಿ ಹೊತ್ತು ನಿಂತೇ ಇದ್ದನಂತೆ. ಇಬ್ಬರೂ ಬಸ್ಸಿನಲ್ಲಿ ಗಂಡಹೆಂಡಿರ ಹಾಗೆ ಕಚ್ಚಾಡುತ್ತಿದ್ದರು. ಬಸ್ಸು ಮಧ್ಯಾಹ್ನ ಮರಡೀಪುರ ಮುಟ್ಟಿದರೆ ಬಿಸಿಲು ಇಳಿಯುವವರೆಗೂ ಅಲ್ಲೇ ನಿಲ್ಲಬೇಕು. ಊರ ಮುಂದೆಯೇ ಕೆರೆ. ಬೇರೆ ಬಸ್ಸಿನವರು ಸೀಟಿನ ಮೇಲೆ ಟವಲ್ ಹಾಸಿ ಮಲಗುವರು, ಇವರು ಬುತ್ತಿ ಬಿಚ್ಚಿ ತಿಂದು ಗಾಳ ಹಾಕುವರು. ಇಷ್ಟು ದಿನ ಜೋಳದ ದಂಟು, ಹರಿದ ಹವಾಯಿ ಚಪ್ಪಲಿ ಚೂರು ಕಟ್ಟಿ ಮೀನು ಹಿಡಿಯುತ್ತಿದ್ದ ಜವರಪ್ಪ ನನ್ನನ್ನು ಅಂಗೈಯಲ್ಲಿಟ್ಟುಕೊಂಡು, ಬಳೆಯನ್ನು ತಿರುಗಿಸಿ, ಬಿಟ್ಟು, ಮತ್ತೆ ತಿರುಗಿಸಿದ. "ನೋಡ್ಲಾ ಇನ್ನಾಸಿ, ಹ್ಯಾಂಡ್‌ಬ್ರೇಕ್ ಹಾಕ್ದಂಗೆ ನಿಲ್ತದೆ," ಅಂದ. ಅವತ್ತಿನಿಂದ ನನ್ನ ಜಾಗ ಅವನ ಖಾಕಿ ಅಂಗಿಯ ಎಡಜೇಬು, ಪೆನ್ನಿನ ಪಕ್ಕ.

ಒಂದು ಮಾತು ಹೇಳುತ್ತೇನೆ. ಗಾಳ ಹಾಕಿ ಕೂತವನು ಬೆಂಡನ್ನು ನೋಡುವಷ್ಟು ಹೊತ್ತು ಯಾರೂ ಯಾರನ್ನೂ ನೋಡುವುದಿಲ್ಲ. ಹೆಂಡತಿಯನ್ನು ನೋಡಲ್ಲ, ದೇವರನ್ನು ನೋಡಲ್ಲ. ನಾನೂ ಕೆಳಗಿನಿಂದ ಅವನನ್ನೇ ನೋಡುತ್ತಿದ್ದೆ. ದಪ್ಪ ಮೀಸೆ, ಸ್ಟೇರಿಂಗ್ ಹಿಡಿದು ಅಗಲವಾದ ಹೆಗಲು, ಬಿಸಿಲಿಗೆ ಕಿರಿದಾದ ಕಣ್ಣು. ನಾನು ತುಸು ಅಲುಗಿದರೆ ಆ ಕಣ್ಣು ಅಲುಗುತ್ತಿತ್ತು. ಜಿಲೇಬಿ ಮೀನು ಮೂಸಿದರೂ ಅವನಿಗೆ ತಿಳಿಯುತ್ತಿತ್ತು, ಗೆಂಡೆ ಬಾಯಿ ಹಾಕಿದರೂ ತಿಳಿಯುತ್ತಿತ್ತು. ಆ ವರ್ಷಗಳಲ್ಲಿ ನನಗೆ ದಣಿವು ಅಂದರೆ ಏನಂತ ಗೊತ್ತಿರಲಿಲ್ಲ.

ಆಮೇಲೆ ಆ ಕಣ್ಣು ನನ್ನನ್ನು ಹುಡುಕತೊಡಗಿತು.

ಗಾಳಿಗೆ ನಾನು ಸ್ವಲ್ಪ ಪಕ್ಕಕ್ಕೆ ಸರಿದರೆ ಸಾಕು, ಜವರಪ್ಪ ನಾನು ಮೊದಲಿದ್ದ ಜಾಗವನ್ನೇ ನೋಡುತ್ತ ಕೂರುವನು. ಆಮೇಲೆ ತಲೆಯನ್ನು ಅತ್ತ ಇತ್ತ ಆಡಿಸಿ ನನ್ನನ್ನು ಪತ್ತೆ ಮಾಡುವನು. ಮೊದಮೊದಲು ಬಿಸಿಲು ಅಂದ. ಆಮೇಲೆ ಕನ್ನಡಕ ಬೇಕೇನೋ ಅಂದ. ಕೊನೆಗೆ ಒಂದು ದಿನ ಯಾರಿಗೂ ಹೇಳದೆ ಮೈಸೂರಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋದ. ಜೇಬಿನಲ್ಲಿ ನಾನಿದ್ದೆ. ಡಾಕ್ಟರು ಬಹಳ ಹೊತ್ತು ಏನೇನೋ ಬೆಳಕು ಬಿಟ್ಟು ನೋಡಿದರು.

"ಕಣ್ಣೊಳಗಿನ ಪ್ರೆಷರ್ ಜಾಸ್ತಿಯಾಗಿದೆ. ಎದುರಿಗಿರೋದು ಕಾಣುತ್ತೆ, ಅಕ್ಕಪಕ್ಕದ ನೋಟ ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕಿದ್ರೆ ಉಳಿದದ್ದನ್ನ ಕಾಪಾಡಬಹುದು. ಏನು ಕೆಲಸ ಮಾಡ್ತೀರಿ?"

"ವ್ಯವಸಾಯ," ಅಂದ ಜವರಪ್ಪ.

ನಾನು ಅವನ ಎದೆಯ ಮೇಲೆಯೇ ಇದ್ದೆ. ಆ ಸುಳ್ಳು ಹೇಳುವಾಗ ಒಳಗಿನ ಬಡಿತ ಕೇಳಿ ನನಗೇ ಹೆದರಿಕೆಯಾಯಿತು. ಮನೆಗೆ ಹೋಗಿ ಹೆಂಡತಿ ಸಾಕಮ್ಮನಿಗೆ, "ಉರಿಗೆ ಡ್ರಾಪ್ಸ್ ಕೊಟ್ಟವ್ರೆ," ಅಂದ. ಮಾರನೆಯ ಬೆಳಿಗ್ಗೆ ಬಸ್ಸಿನ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿ ಕೂತ. ಅವನನ್ನು ಕೆಟ್ಟವನು ಅನ್ನಬೇಡಿ. ಆ ಸೀಟಿನಿಂದ ಇಳಿದರೆ ತಾನು ಯಾರು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹೆದರಿದ.

ಅಲ್ಲಿಂದ ನನ್ನ ಪಾಡು ಯಾರಿಗೂ ಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜವರಪ್ಪ ಕಣ್ಣನ್ನು ಬಿಟ್ಟು ನನ್ನನ್ನು ದೂರಲು ಶುರುಮಾಡಿದ. ನನ್ನ ತುದಿಯ ಕೆಂಪು ಸಾಲದು ಅಂತ ಸಾಕಮ್ಮನ ಉಗುರುಬಣ್ಣ ಬಳಿದ. ಅದೂ ಸಾಲದೆ ಬಸ್ಸಿನ ಹಿಂಬದಿಗೆ ಅಂಟಿಸುವ ರೇಡಿಯಂ ಸ್ಟಿಕ್ಕರ್ ಕತ್ತರಿಸಿ ಸುತ್ತಿದ. ಉಗುರಿನಷ್ಟು ಮೇಲಿರಬೇಕಾದ ತುದಿಯನ್ನು ಹೆಬ್ಬೆರಳಿನಷ್ಟು ಮೇಲೆತ್ತಿ ಬೀಗ ಹಾಕಿದ. ನನ್ನ ತೂಕವೇ ತಪ್ಪಿತು. ಮೀನು ಎರೆಯನ್ನು ಮುಟ್ಟಿದರೆ ಮೇಲಿನ ಭಾರ ಅದಕ್ಕೆ ತಿಳಿಯುತ್ತಿತ್ತು, ಬಿಟ್ಟು ಹೋಗುತ್ತಿತ್ತು. "ಬೆಂಡೇ ಸರಿಯಿಲ್ಲ ಕಣ್ಲಾ, ಮೂರ್ತಿಗಳು ಅದಕ್ಕೇ ಸಾಗಹಾಕವ್ರೆ," ಅನ್ನುವನು. ಕೊನೆಗೆ ನನ್ನ ತಲೆಗೆ ಕೆಂಪು ಚಪ್ಪಲಿಯ ರಬ್ಬರನ್ನು ದುಂಡಗೆ ಕತ್ತರಿಸಿ ಟೋಪಿ ಮಾಡಿ ತುರುಕಿದ. ಊದುಬತ್ತಿ ಕಡ್ಡಿಯಷ್ಟು ತುದಿಗೆ ನಿಂಬೆಹಣ್ಣಿನಷ್ಟು ಟೋಪಿ. ಆಸ್ಮಾಬಿ ನೋಡಿದ್ದರೆ ಲೇತ್ ನಿಲ್ಲಿಸಿ ಅಳುತ್ತಿದ್ದಳು.

ಇನ್ನಾಸಪ್ಪ ಇದನ್ನೆಲ್ಲ ನೋಡುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಆದರೆ ಅವನಿಗೆ ತಿಳಿಯದೆಯೇ ಒಂದು ಅಭ್ಯಾಸ ಹತ್ತಿತು. ಪಕ್ಕದಲ್ಲಿ ಕೂತು, ನಾನು ಅಲುಗಿದ ಕೂಡಲೇ ಮೆಲ್ಲಗೆ, "ಹ್ಞಾಂ... ಬಂತು... ಎಳಿ," ಅನ್ನುವನು. ಜವರಪ್ಪ ಎಳೆಯುವನು. ಮೀನು ಬಂದರೆ, "ಎಂಗೆ? ಕಣ್ಣು ಅಂದ್ರೆ ಕಣ್ಣು," ಅಂತ ಮೀಸೆ ತಿರುವುವನು. ಇನ್ನಾಸಪ್ಪ ಹೂಂ ಅನ್ನುವನು. ಬಸ್ಸಿನಲ್ಲೂ ಅದೇ ಆಯಿತು. ಮೊದಲು ಹಿಂಬಾಗಿಲಲ್ಲಿ ನಿಲ್ಲುತ್ತಿದ್ದ ಕಂಡಕ್ಟರ್ ಮುಂಬಾಗಿಲಿಗೆ ಬಂದು ನಿಂತ. ಟಿಕೆಟ್ ಹರಿಯುತ್ತಲೇ, "ಎಡಕ್ಕೆ ಸೈಕಲ್ ಅಣ್ಣ," "ಹಸು ಅದೆ, ಹೋಲ್ಡಾನ್," "ಈಗ ರೈಟ್," ಅನ್ನುತ್ತ ಹೋಗುವನು. ಒಬ್ಬನ ಕಣ್ಣು, ಒಬ್ಬನ ಕಾಲು, ಮಧ್ಯೆ ಬಸ್ಸು ತುಂಬ ಜನ. ಇಬ್ಬರೂ ಈ ವಿಷಯ ಬಾಯಿ ಬಿಟ್ಟು ಆಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನನಗಂತೂ ಜೇಬಿನಲ್ಲಿ ಕೂತು ಕೂತು ಸಾಕಾಗಿಹೋಗಿತ್ತು.

ಒಂದು ದಿನ ಮರಡೀಪುರಕ್ಕೆ ಮುಂಚಿನ ತಿರುವಿನಲ್ಲಿ ಇನ್ನಾಸಪ್ಪ ಹಿಂದಿನ ಸೀಟಿನವರಿಗೆ ಚಿಲ್ಲರೆ ಕೊಡಲು ಹೋಗಿದ್ದ. ರಸ್ತೆಯ ಎಡಕ್ಕೆ ಒಬ್ಬ ಹೆಂಗಸು ಹುಲ್ಲಿನ ಹೊರೆ ಹೊತ್ತು ನಡೆಯುತ್ತಿದ್ದಳು. ಬಸ್ಸು ಹೊರೆಯನ್ನು ಸವರಿಕೊಂಡು ಹೋಯಿತು. ಹುಲ್ಲು ರಸ್ತೆ ತುಂಬ ಚೆಲ್ಲಿತು, ಹೆಂಗಸು ಚರಂಡಿಗೆ ಬಿದ್ದಳು. ಜನ ಕೂಗಿದ ಮೇಲೆ ಜವರಪ್ಪ ಬ್ರೇಕ್ ಹಾಕಿದ. ಅವನಿಗೆ ಅವಳು ಕಂಡಿರಲೇ ಇಲ್ಲ. ಬಡಿದ ಸದ್ದು ಏನಂತಲೂ ಗೊತ್ತಾಗಿರಲಿಲ್ಲ. ಇನ್ನಾಸಪ್ಪ ಓಡಿಹೋಗಿ ಅವಳನ್ನು ಎತ್ತಿ ಕೂರಿಸಿದ. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಆಕೆ ಬೈಯಲೂ ಇಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಜವರಪ್ಪಣ್ಣನ ಬಸ್ಸಲ್ವಾ, ನಾನೇ ಅಡ್ಡ ಬಂದ್ನೇನೋ," ಅಂದಳು.

ಆ ಮಾತು ಇನ್ನಾಸಪ್ಪನನ್ನು ಕೊಂದುಹಾಕಿತು. ಚೆಲ್ಲಿದ ಹುಲ್ಲನ್ನು ಒಬ್ಬನೇ ಬಾಚಿ ಹೊರೆ ಕಟ್ಟಿಕೊಟ್ಟು ಬಂದು ಬಾಗಿಲಲ್ಲಿ ನಿಂತವನು, ಮರಡೀಪುರ ಮುಟ್ಟುವವರೆಗೂ "ಎಡಕ್ಕೆ", "ಬಲಕ್ಕೆ" ಬಿಟ್ಟು ಬೇರೆ ಮಾತಾಡಲಿಲ್ಲ.

ಕೆರೆಯ ದಡದಲ್ಲಿ ಅವತ್ತು ಬುತ್ತಿ ಬಿಚ್ಚಲಿಲ್ಲ. ಜವರಪ್ಪ ಮಾತ್ರ ಏನೂ ಆಗದವನಂತೆ ಕೋಲು ಬಿಚ್ಚಿ, ನನ್ನ ಬಳೆಯನ್ನು ತಡವರಿಸಿ ತಿರುಗಿಸಿ, ಎರೆ ಚುಚ್ಚಿ ಎಸೆದ. "ರಸ್ತೆ ಮಧ್ಯದಲ್ಲೇ ನಡೀತವೆ ಮುಂಡೇವು," ಅಂದ. ಇನ್ನಾಸಪ್ಪ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ.

ಸಣ್ಣ ಗಾಳಿ ಎದ್ದಿತು. ನಾನು ಟೋಪಿ ಹೊತ್ತುಕೊಂಡು ನಿಧಾನವಾಗಿ ಬಲಕ್ಕೆ ತೇಲಿದೆ. ಕೆಳಗೆ ಏನೋ ಬಂತು. ಮೊದಲು ಒಂದು ಮುಟ್ಟು, ಆಮೇಲೆ ಒಂದು ಎಳೆತ. ಟೋಪಿ, ಸ್ಟಿಕ್ಕರ್, ಉಗುರುಬಣ್ಣ ಎಲ್ಲ ಸಮೇತ ನಾನು ಕುಣಿದೆ. ಮೇಲೆ ನೋಡಿದೆ. ಇನ್ನಾಸಪ್ಪನ ಬಾಯಿ ತೆರೆದಿತ್ತು. "ಬಂತು" ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅವನು ಬಾಯಿ ಮುಚ್ಚಿಕೊಂಡ. ಗೆಂಡೆ ನನ್ನನ್ನು ಪೂರ್ತಿ ಒಳಗೆ ಎಳೆದುಕೊಂಡಿತು. ನೀರೊಳಗಿನಿಂದ ನೋಡಿದರೆ ಜವರಪ್ಪ ನಾನಿಲ್ಲದ ಕಡೆಗೆ ಕಣ್ಣು ನೆಟ್ಟು ಕೂತಿದ್ದ. ಮುಖದಲ್ಲಿ ಅದೇ ಹಳೆಯ ನೆಮ್ಮದಿ, ತುಟಿಯಲ್ಲಿ ಚೂರು ನಗು.

ನನ್ನ ಇಡೀ ಬಾಳಿನಲ್ಲಿ ನನಗೆ ಅಷ್ಟು ನೋವಾದದ್ದು ಬೇರೆ ಇಲ್ಲ.

ಮೀನು ಎರೆ ಕಿತ್ತುಕೊಂಡು ಹೋಯಿತು. ನಾನು ಮೇಲೆ ಬಂದೆ. ಆಗ ಇನ್ನಾಸಪ್ಪ ಕೇಳಿದ, "ಅಣ್ಣ, ಬೆಂಡು ಎಲ್ಲದೆ?"

"ಅಲ್ಲೇ ಅದಲ್ಲ. ಕಾಣಾಕಿಲ್ವ?"

"ತೋರ್ಸು."

ಜವರಪ್ಪ ಕೈ ಚಾಚಿ ಬೆರಳು ಮಾಡಿ ತೋರಿಸಿದ. ಅಲ್ಲಿ ಯಾರೋ ಕುಡಿದು ಎಸೆದ ಬಾಟಲಿಯ ಕೆಂಪು ಮುಚ್ಚಳ ತೇಲುತ್ತಿತ್ತು.

ಇನ್ನಾಸಪ್ಪ ಬಹಳ ಹೊತ್ತು ಆ ಬೆರಳನ್ನೇ ನೋಡಿದ. ಆಮೇಲೆ ಕೋಲಿನ ದಾರವನ್ನು ಹಿಡಿದು ಸ್ವಲ್ಪ ಜಗ್ಗಿದ. ನಾನು ಬಲಗಡೆ ನೀರು ಸೀಳಿಕೊಂಡು ಸರಿದೆ. ದಾರ ಬಂದ ದಿಕ್ಕು ಜವರಪ್ಪನ ಕೈಗೆ ತಿಳಿಯಿತು. ಚಾಚಿದ ಬೆರಳು ಹಾಗೆಯೇ ಇತ್ತು, ಅದನ್ನು ಇಳಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ರೀಲು ಸುತ್ತಿ, ನನ್ನನ್ನು ಬಿಚ್ಚಿ, ಒದ್ದೆ ಒದ್ದೆಯಾಗಿಯೇ ಜೇಬಿಗೆ ಹಾಕಿಕೊಂಡು ಎದ್ದು ಬಸ್ಸಿನ ಕಡೆ ನಡೆದ.

ಬಸ್ಸಿನಲ್ಲಿ ಜನ ಆಗಲೇ ತುಂಬಿದ್ದರು. ಹೂವಿನ ಕುಕ್ಕೆ ಇಟ್ಟುಕೊಂಡವರು, ಕೂಸು ಮಲಗಿಸಿಕೊಂಡವರು, ಆಸ್ಪತ್ರೆಗೆ ಹೊರಟ ಒಬ್ಬ ಮುದುಕಪ್ಪ. ಜವರಪ್ಪ ಹತ್ತಿ ಕೂತು ಬೀಗದಕೈ ತಿರುಗಿಸಿದ. ಇಂಜಿನ್ ನಡುಗಿತು. ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಕಾದ. ಕಂಡಕ್ಟರ್ ರೈಟ್ ಅನ್ನದೆ ಬಸ್ಸು ಕದಲಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಇನ್ನಾಸಪ್ಪ ಮುಂಬಾಗಿಲಿನ ಕೆಳಗೆ ನೆಲದ ಮೇಲೆ ನಿಂತಿದ್ದ. ಹತ್ತಿರಲಿಲ್ಲ.

"ಹತ್ತೋ," ಅಂದ ಜವರಪ್ಪ.

ಇನ್ನಾಸಪ್ಪ ಕೆಳಗಿನಿಂದಲೇ ಬಾಗಿಲಿನ ಕಂಬಿ ಹಿಡಿದುಕೊಂಡ.

"ಹೊತ್ತಾಯ್ತು ಕಣೋ. ರೈಟ್ ಹೇಳು."

"ಹೇಳಲ್ಲ ಅಣ್ಣ."

ಇಂಜಿನ್ ಸದ್ದಿನಲ್ಲಿ ಹಿಂದಿನವರಿಗೆ ಕೇಳಿಸಲಿಲ್ಲ. ಮುಂದಿನ ಸೀಟಿನವರು ಮುಖ ಮುಖ ನೋಡಿಕೊಂಡರು. "ಏನಾಯ್ತಪ್ಪ?" ಅಂತ ಹೂವಿನಾಕೆ ಕೇಳಿದಳು. ಇನ್ನಾಸಪ್ಪ ಒಮ್ಮೆ ಜವರಪ್ಪನನ್ನು ನೋಡಿದ, ಒಮ್ಮೆ ಜನರನ್ನು ನೋಡಿದ. ಅಣ್ಣನ ಮಾನ ಇಷ್ಟು ಜನರ ಎದುರು ಹೋಗಬಾರದು ಅಂತ ಅವನ ಆಸೆ. ಅದಕ್ಕೇ ಗಂಟಲು ಎತ್ತರಿಸಿ ಒಂದು ಸುಳ್ಳು ಹೇಳಿದ.

"ಎಲ್ಲಾ ಇಳ್ಕಳ್ರಪ್ಪ. ಗಾಡಿ ಕೆಟ್ಟೋಗದೆ. ಬ್ರೇಕ್ ಹಿಡೀತಿಲ್ಲ. ಹಿಂದಿನ ಬಸ್ಸು ಬರ್ತದೆ, ಅದರಲ್ಲಿ ಕಳಿಸ್ಕೊಡ್ತೀನಿ."

ಜನ ಗೊಣಗುತ್ತ ಏಳತೊಡಗಿದರು. "ಹಳೇ ಡಬ್ಬ, ಎಷ್ಟು ದಿನ ಬಂದಾತು," ಅಂತ ಯಾರೋ ಅಂದರು.

ನಾನು ಜೇಬಿನಲ್ಲಿದ್ದೆ. ಕಣ್ಣಿನ ಡಾಕ್ಟರ ಮುಂದೆ ಬಡಿದ ಹಾಗೆಯೇ ಎದೆ ಬಡಿಯಿತು. ಆಮೇಲೆ ನಿಂತೇಹೋಯಿತೇನೋ ಅನ್ನುವಷ್ಟು ಸುಮ್ಮನಾಯಿತು. ತನ್ನ ಕಣ್ಣಿನ ಬಗ್ಗೆ ಅವನು ಯಾರಿಗೆ ಬೇಕಾದರೂ ಸುಳ್ಳು ಹೇಳಬಲ್ಲವನಾಗಿದ್ದ. ಡಾಕ್ಟರಿಗೆ ಹೇಳಿದ್ದ, ಹೆಂಡತಿಗೆ ಹೇಳಿದ್ದ, ಇನ್ನಾಸಪ್ಪನಿಗೆ ದಿನವೂ ಹೇಳಿದ್ದ. ಆದರೆ ಆ ಗಾಡಿಯ ಮೇಲೆ ಸುಳ್ಳು ಹೇಳಿದ್ದನ್ನು ಕೇಳಿಕೊಂಡು ಕೂರುವುದು ಅವನಿಂದ ಆಗಲಿಲ್ಲ. ಸೀಟಿನಲ್ಲಿ ಹಿಂದಕ್ಕೆ ತಿರುಗಿದ.

"ಗಾಡಿ ಕೆಟ್ಟಿಲ್ಲ," ಅಂದ. "ಬ್ರೇಕ್ ನೆಟ್ಟಗದೆ. ನನ್ನ ಗಾಡಿಗೆ ಏನೂ ಆಗಿಲ್ಲ. ನಂಗೇ ಕಣ್ಣು ಕಾಣಾಕಿಲ್ಲ."

ಇಳಿಯುತ್ತಿದ್ದವರು ಇದ್ದಲ್ಲೇ ನಿಂತರು. ಜವರಪ್ಪ ಇಂಜಿನ್ ಆರಿಸಿ, ಬೀಗದಕೈ ಕಿತ್ತು, ತನ್ನ ಬಾಗಿಲಿನಿಂದ ನಿಧಾನವಾಗಿ, ಕಾಲಿನಿಂದ ಮೆಟ್ಟಿಲು ತಡಕಿ ಇಳಿದ. ಕೀಲಿಯನ್ನು ಇನ್ನಾಸಪ್ಪನ ಕೈಗೆ ಕೊಡಲಿಲ್ಲ. ಬಸ್ಸಿನ ಬಾನೆಟ್ ಮೇಲಿಟ್ಟು ಕೆರೆ ಏರಿಯ ಕಡೆ ಹೋಗಿ ಕೂತ. ಆಸ್ಪತ್ರೆಯ ಮುದುಕಪ್ಪ ಬಂದು ಅವನ ಪಕ್ಕದಲ್ಲಿ ಕೂತು, ಏನೂ ಕೇಳದೆ, ಹಿಂದಿನ ಬಸ್ಸು ಬರುವವರೆಗೂ ಎಲೆಅಡಿಕೆ ಹಾಕಿಕೊಂಡಿದ್ದ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಬಸ್ಸಿಗೆ ಬೇರೆ ಡ್ರೈವರ್ ಬಂದ. ಜವರಪ್ಪ ಮನೆ ಹಿಡಿದ. ಸಾಕಮ್ಮ ಗಡಿಯಾರ ನೋಡಿ ಅವನ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದಳು. ನಾನು ಗೋಡೆಯ ಮೊಳೆಗೆ ತೂಗುಹಾಕಿದ ಖಾಕಿ ಅಂಗಿಯ ಜೇಬಿನಲ್ಲೇ ಉಳಿದೆ. ಇನ್ನಾಸಪ್ಪ ಹಲವು ಸಲ ಬಂದ. ಜವರಪ್ಪ ಒಳಗಿದ್ದೂ ಇಲ್ಲ ಅನ್ನಿಸಿದ. ಅಂಗಳದಲ್ಲಿ ಆ ಮನುಷ್ಯ ಚಪ್ಪಲಿ ಬಿಟ್ಟು ನಿಂತು ವಾಪಸ್ ಹೋಗುವ ಸದ್ದು ನನಗೆ ಕೇಳುತ್ತಿತ್ತು. ಮಳೆಗಾಲ ಬಂತು, ಹೋಯಿತು. ಬಿಸಿಗೆ ತೇವಕ್ಕೆ ನನ್ನ ಪಕ್ಕೆ ಸೀಳಿತು. ಇದೇ ನನ್ನ ಕೊನೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಬೇಜಾರೂ ಆಗಲಿಲ್ಲ, ಅಷ್ಟು ದಣಿದಿದ್ದೆ.

ಒಂದು ದಿನ ಸಾಕಮ್ಮ ಅಂಗಿಯನ್ನು ಒಗೆಯಲು ಹಾಕುವಾಗ ನನ್ನನ್ನು ತೆಗೆದು ಗಂಡನ ಕೈಗೆ ಕೊಟ್ಟಳು. ಜವರಪ್ಪ ನನ್ನನ್ನು ಬೆರಳಲ್ಲಿ ಸವರಿ ಗುರುತು ಹಿಡಿದ. ರಬ್ಬರಿನ ಟೋಪಿ ಕಿತ್ತುಹಾಕಿದ. ಸ್ಟಿಕ್ಕರ್ ಸುಲಿದ. ಉಗುರುಬಣ್ಣವನ್ನು ಕೆರೆದು ತೆಗೆದ. ಮಾರನೆಯ ಬೆಳಿಗ್ಗೆ ಗಾಳದ ಕೋಲು ಹಿಡಿದು, ಒಬ್ಬನೇ, ಗೋಡೆ ಸವರಿಕೊಂಡು ಬಸ್ಸು ನಿಲ್ಲುವ ಕಡೆ ಹೋದ.

ಬಸ್ಸು ಬಂತು. ಮುಂಬಾಗಿಲಲ್ಲಿ ನಿಂತಿದ್ದ ಇನ್ನಾಸಪ್ಪ ಅವನನ್ನು ಕಂಡು ಇಳಿದು ಬಂದ. ಕೈ ಹಿಡಿಯಲು ಹೋದ. ಜವರಪ್ಪ ಕೈ ಕೊಡಲಿಲ್ಲ, ಕೊಡವಿಕೊಳ್ಳಲೂ ಇಲ್ಲ. ತಾನೇ ಕಂಬಿ ಹಿಡಿದು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಗೇರ್ ಬದಲಾಗುವುದನ್ನು ಕೇಳುತ್ತ, ಒಂದೆರಡು ಕಡೆ ಹೊಸ ಡ್ರೈವರನ ಬಗ್ಗೆ ಚ್ಚು ಚ್ಚು ಅಂದ.

ಮರಡೀಪುರದ ದಡದಲ್ಲಿ ಇಬ್ಬರೂ ಕೂತರು. ಜವರಪ್ಪ ನನ್ನ ಬಳೆಯನ್ನು ಹಿಂದಕ್ಕೆ ತಿರುಗಿಸಿ, ತಂಗೂಸಿಯಿಂದ ನನ್ನನ್ನು ಪೂರ್ತಿ ಬಿಡಿಸಿ ಪಕ್ಕದ ಕಲ್ಲಿನ ಮೇಲಿಟ್ಟ. ಕೊಕ್ಕೆಯ ಮೇಲೆ ಸ್ವಲ್ಪ ಹೆಚ್ಚು ಸೀಸ ಕಟ್ಟಿ, ಬೆಂಡಿಲ್ಲದೆಯೇ ಗಾಳ ಎಸೆದ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು, ಕಣ್ಣು ಮುಚ್ಚಿ, ಬೆರಳಿನಲ್ಲೇ ಕೆರೆಯನ್ನು ಕೇಳುತ್ತ ಕೂತ. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಬೆರಳಿಗೆ ಬಣ್ಣ ಬೇಕಿಲ್ಲ, ಟೋಪಿ ಬೇಕಿಲ್ಲ.

ಈಗ ನಾನು ಇರುವುದು ಇನ್ನಾಸಪ್ಪನ ಚರ್ಮದ ಚೀಲದಲ್ಲಿ, ಟಿಕೆಟ್ ಪುಸ್ತಕದ ಹಿಂದಿನ ಅರೆಯಲ್ಲಿ. ಕಲ್ಲಿನ ಮೇಲಿಂದ ನನ್ನನ್ನು ಎತ್ತಿಟ್ಟುಕೊಂಡವನು ಅವನೇ. ಸೀಳಿದ ಬೆಂಡು ಯಾವ ಕೆಲಸಕ್ಕೂ ಬರುವುದಿಲ್ಲ, ಅವನು ಎಸೆಯುವುದೂ ಇಲ್ಲ. ಕತ್ತಲೆ ಇದೆ, ಚಿಲ್ಲರೆಯ ಸದ್ದಿದೆ, ಕಾಲು ಚಾಚಿ ಮಲಗಿದ್ದೇನೆ. ಜವರಪ್ಪನಿಗೆ ಕಾಣುತ್ತಿಲ್ಲ ಅಂತ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಹೇಳಲು ಬಾಯಿರಲಿಲ್ಲ. ಬಾಯಿದ್ದವನಿಗೆ ಅದನ್ನು ಹೇಳುವುದು ಎಷ್ಟು ಕಷ್ಟವಾಯಿತು ಅನ್ನುವುದನ್ನು ನೋಡಿದ ಮೇಲೆ, ನನಗೆ ಬಾಯಿಲ್ಲ ಅನ್ನುವ ಕೊರಗು ಹೋಗಿದೆ.

ನನ್ನನ್ನು ಕಲ್ಲಿನ ಮೇಲಿಟ್ಟ ದಿನದ್ದು ಒಂದು ಮಾತು ಉಳಿದಿದೆ. ಜಿಲೇಬಿಯೊಂದು ದಾರ ಜಗ್ಗಿತು. ಜವರಪ್ಪ ಎಳೆದು ಬಿಡಿಸಿ, ಮತ್ತೆ ಎರೆ ಚುಚ್ಚಿ ಎಸೆದ. ಆಮೇಲೆ ನೀರಿನ ಕಡೆಗೇ ಮುಖ ಮಾಡಿಕೊಂಡು ಹೇಳಿದ.

"ಅವತ್ತು ನೀನು ರೈಟ್ ಅಂದಿದ್ರೆ ನಾನು ಹೊರಟೇಬಿಡ್ತಿದ್ದೆ ಕಣೋ ಇನ್ನಾಸಿ."

"ಗೊತ್ತಣ್ಣ," ಅಂದ ಇನ್ನಾಸಪ್ಪ.